ಪ್ಲೇಗಿನ ಕಾಲದಲ್ಲಿ ಊರು ಬಿಟ್ಟ ಮುತ್ತಜ್ಜನ ಮೂಲ ಊರನ್ನು ಹಳೆಯ ಪತ್ರಿಕೆ, ದಾಖಲೆಗಳಲ್ಲಿ ಹುಡುಕುವುದು ಹೇಗೆ?

ಪ್ರಶ್ನೆ

ನಮ್ಮದು ದಾವಣಗೆರೆಯಲ್ಲಿ ನೆಲೆನಿಂತ ಕುಟುಂಬ. ಮುತ್ತಜ್ಜ ಪ್ಲೇಗಿನ ಕಾಲದಲ್ಲಿ ರೋಣದ ಕಡೆಯಿಂದ ಬಂದು ಇಲ್ಲಿ ಹತ್ತಿ ವ್ಯಾಪಾರಕ್ಕಿಳಿದರೆಂದು ಮನೆಯಲ್ಲಿ ಹೇಳುತ್ತ ಬಂದಿದ್ದಾರೆ. ಅವರ ಕಾಲದ ಕಾಗದವೆಂದು ನಮ್ಮಲ್ಲಿ ಉಳಿದಿರುವುದು ಒಂದು ಮನೆಯ ಕ್ರಯಪತ್ರ ಮಾತ್ರ. ಅದರಲ್ಲಿ ‘ವಿಳಂಬಿ ನಾಮ ಸಂವತ್ಸರದ ಕಾರ್ತಿಕ ಬಹುಳ’ ಎಂದಿದೆ. ‘ಧಾರವಾಡ ಜಿಲ್ಲಾ ರೋಣ ತಾಲ್ಲೂಕು’ ಎಂಬುದರ ಮುಂದೆ, ಊರಿನ ಹೆಸರಿರಬೇಕಾದ ಕಡೆಯಲ್ಲೇ ಮಡಿಕೆ ಹರಿದು ಅಕ್ಷರಗಳು ಹೋಗಿವೆ. ಆಮೇಲೆ ‘ಗ್ರಾಮದಿಂದ ಬಂದು ಹಾಲಿ ದಾವಣಗೆರೆ ಕಸಬಾದಲ್ಲಿ ವಾಸವಾಗಿರುವ’ ಎಂದು ಬರಹ ಮುಂದುವರಿಯುತ್ತದೆ. ತಂದೆಯವರಿಗೆ ವಯಸ್ಸಾಗಿದೆ, ಒಮ್ಮೆಯಾದರೂ ಆ ಊರಿಗೆ ಹೋಗಿ ಬರಬೇಕೆಂಬುದು ಅವರ ಬಹುಕಾಲದ ಆಸೆ. ಆ ಕಾಲದ ಕನ್ನಡ ಪತ್ರಿಕೆಗಳಲ್ಲಿ ಇಂಥವರ ಸುಳಿವು ಸಿಗಬಹುದೇ? ಎಲ್ಲಿಂದ ಆರಂಭಿಸಬೇಕು?

ಮೊದಲ ಉತ್ತರ

ಕಾಲವನ್ನು ಮೊದಲು ಗೊತ್ತುಮಾಡಿಕೊಳ್ಳೋಣ. ಸಂವತ್ಸರಗಳ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳುವುದರಿಂದ ವಿಳಂಬಿ 1838–39, 1898–99 ಮತ್ತು 1958–59ರಲ್ಲಿ ಬಂದಿದೆ. ಪ್ಲೇಗಿನ ಮಾತಿರುವುದರಿಂದ ನಿಮ್ಮದು 1898. ಕಾರ್ತಿಕ ಬಹುಳವೆಂದರೆ ಆ ವರ್ಷದ ನವೆಂಬರ್ ಕೊನೆ ಅಥವಾ ಡಿಸೆಂಬರ್ ಮೊದಲ ಭಾಗ. ಹುಬ್ಬಳ್ಳಿಯಲ್ಲಿ ಪ್ಲೇಗು ಭೀಕರವಾಗಿ ಹಬ್ಬಿ, ಹಾಫ್ಕಿನ್ ಲಸಿಕೆಯನ್ನು ಸಾವಿರಾರು ಜನರಿಗೆ ಹಾಕಿದ್ದೂ ಅದೇ ವರ್ಷ. ಆದ್ದರಿಂದ ಮನೆಯವರು ಹೇಳುತ್ತ ಬಂದ ಮಾತಿಗೂ ಕಾಗದಕ್ಕೂ ಹೊಂದಾಣಿಕೆಯಿದೆ.

ಇನ್ನು ಪತ್ರಿಕೆಗಳ ವಿಚಾರ. ಅಂದಿನ ವಾರಪತ್ರಿಕೆಗಳಲ್ಲಿ ಸಾಮಾನ್ಯ ವ್ಯಾಪಾರಿಯ ಹೆಸರು ಕಾಣಿಸುವುದು ಹೆಚ್ಚಾಗಿ ಕೋರ್ಟಿನ ಪ್ರಕಟಣೆ, ಹರಾಜು, ಚಂದಾ ಕೊಟ್ಟವರ ಪಟ್ಟಿ ಇಂಥ ಕಡೆಗಳಲ್ಲಿ. ಊರು ಬಿಟ್ಟು ಹೋದವರ ಹೆಸರನ್ನು ಯಾರೂ ಅಚ್ಚು ಹಾಕುತ್ತಿರಲಿಲ್ಲ. ಮೇಲಾಗಿ ಆ ಪತ್ರಿಕೆಗಳ ಎಷ್ಟೋ ಸಂಚಿಕೆಗಳು ಇಂದು ಉಳಿದಿಲ್ಲ. ಮುಂಬಯಿ ಸರ್ಕಾರ ದೇಶಭಾಷೆಯ ಪತ್ರಿಕೆಗಳ ಸಾರಾಂಶವನ್ನು ವಾರವಾರವೂ ಇಂಗ್ಲಿಷಿನಲ್ಲಿ ಬರೆಸುತ್ತಿದ್ದುದರಿಂದ, ಧಾರವಾಡದ ಪತ್ರಿಕೆಗಳು ಪ್ಲೇಗಿನ ಬಗ್ಗೆ ಏನು ಬರೆದವೆಂಬುದನ್ನು ಆ ವರದಿಗಳಲ್ಲಿ ಓದಬಹುದು. ನಿಮ್ಮ ಮುತ್ತಜ್ಜ ಏಕೆ ಹೊರಟಿರಬಹುದೆಂಬುದು ಅದರಿಂದ ತಿಳಿದೀತು. ಯಾವ ಊರಿನಿಂದ ಎಂಬುದು ತಿಳಿಯಲಾರದು. ಅದಕ್ಕೆ ದಾಖಲೆಯೇ ಬೇಕು.

ಎರಡನೆಯ ಉತ್ತರ

ಬೇರೆಲ್ಲಿಗೂ ಹೋಗುವ ಮೊದಲು ಆ ಕ್ರಯಪತ್ರದ ಹಿಂಬದಿಯನ್ನು ನೋಡಿ. ನೋಂದಣಿಯಾದ ಪತ್ರವಾಗಿದ್ದರೆ ಅಲ್ಲಿ ಮೊಹರಿನ ಪಕ್ಕದಲ್ಲಿ ನಂಬರು, ಸಂಪುಟ, ಪುಟ ಮತ್ತು ಇಸವಿಯನ್ನು ಬರೆದಿರುತ್ತಾರೆ. ಸ್ಥಿರಾಸ್ತಿಯ ಪತ್ರ ನೋಂದಣಿಗೆ ಬಂದಾಗ ಅದರ ಪೂರ್ಣ ಪಾಠವನ್ನು ಕಚೇರಿಯ ಒಂದನೆಯ ಪುಸ್ತಕದಲ್ಲಿ ಅಕ್ಷರಶಃ ನಕಲು ಮಾಡಿಕೊಳ್ಳುವ ಪದ್ಧತಿಯಿತ್ತು. ನಿಮ್ಮ ಪ್ರತಿಯ ಮಡಿಕೆಯಲ್ಲಿ ಹರಿದುಹೋದ ಊರು ಆ ನಕಲಿನಲ್ಲಿ ಹಾಗೆಯೇ ಉಳಿದಿರುವ ಸಾಧ್ಯತೆ ದೊಡ್ಡದು. ಒಂದನೆಯ ಪುಸ್ತಕವನ್ನೂ ಅದರ ಸೂಚಿಯನ್ನೂ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ದೃಢೀಕೃತ ನಕಲನ್ನೂ ಪಡೆಯಬಹುದು. ಉಪ ನೋಂದಣಾಧಿಕಾರಿಗಳ ಕಚೇರಿಯಲ್ಲಿ ಹಳೆಯ ಸಂಪುಟ ಇಲ್ಲವೆಂದರೆ ಅದನ್ನು ಯಾವ ಕಚೇರಿಗೆ ಕಳುಹಿಸಿದ್ದಾರೆಂದು ಲಿಖಿತವಾಗಿಯೇ ಕೇಳಿ. ಬಾಯಿಮಾತಿನ ಉತ್ತರಕ್ಕೆ ತೃಪ್ತರಾಗಬೇಡಿ.

ಪತ್ರದ ಕೊನೆಯಲ್ಲಿ ಸಾಕ್ಷಿ ಹಾಕಿದವರನ್ನೂ ಬಿಕ್ಕಲಂ ಬರೆದವರನ್ನೂ, ಅಂದರೆ ಪತ್ರವನ್ನು ಕೈಯಾರೆ ಬರೆದುಕೊಟ್ಟವರನ್ನೂ, ಗುರುತಿಸಿಕೊಳ್ಳಿ. ಹೊಸ ಊರಿಗೆ ಬಂದವರಿಗೆ ಸಾಕ್ಷಿ ನಿಲ್ಲುತ್ತಿದ್ದವರು ಅನೇಕ ವೇಳೆ ಅದೇ ಕಡೆಯಿಂದ ಮೊದಲೇ ಬಂದ ನೆಂಟರು, ಇಲ್ಲವೇ ಊರಿನವರು.

ಪ್ರಶ್ನೆ ಕೇಳಿದವರು

ಹಿಂಬದಿಯಲ್ಲಿ ನಂಬರು ಮತ್ತು ಸಂಪುಟ ಎರಡೂ ಇವೆ. ಇಷ್ಟು ವರ್ಷ ಅದನ್ನು ಯಾರೂ ಗಮನಿಸಿರಲಿಲ್ಲ. ನಕಲಿಗೆ ಅರ್ಜಿ ಕೊಡುತ್ತೇನೆ. ಸಾಕ್ಷಿಗಳಲ್ಲಿ ಒಬ್ಬರ ಅಡ್ಡಹೆಸರು ನಮ್ಮದೇ ಆಗಿದೆ. ಊರಿನ ಹೆಸರು ಸಿಕ್ಕಿತೆಂದಿಟ್ಟುಕೊಂಡರೆ ಅಲ್ಲಿ ಏನನ್ನು ಹುಡುಕಬೇಕು?

ಮೂರನೆಯ ಉತ್ತರ

ಊರು ಗೊತ್ತಾದ ಕೂಡಲೇ ಅದು 1898ರಲ್ಲಿ ಯಾವ ಸರ್ಕಾರದಲ್ಲಿತ್ತೆಂಬುದನ್ನು ಖಚಿತಪಡಿಸಿಕೊಳ್ಳಿ. ರೋಣ ಮುಂಬಯಿ ಪ್ರಾಂತ್ಯದ್ದು, ದಾವಣಗೆರೆ ಮೈಸೂರು ಸಂಸ್ಥಾನದ್ದು. ರೋಣದ ಪಕ್ಕದ ಯಲಬುರ್ಗಿ ನಿಜಾಮರ ಸೀಮೆ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ ಸೇರಿತ್ತು. ಗಡಿಯಂಚಿನ ಊರಾದರೆ ನೆಂಟರ ಕಾಗದಗಳು ನಿಜಾಮರ ಕಡೆಯಲ್ಲಿ ಉರ್ದುವಿನಲ್ಲಿ, ಫಸಲಿ ಎಂಬ ಕಂದಾಯ ವರ್ಷದ ಲೆಕ್ಕದಲ್ಲಿ ಇದ್ದಾವು. ಫಸಲಿಗೆ 590 ಕೂಡಿಸಿದರೆ ಸುಮಾರಾಗಿ ಇಸವಿ ಬರುತ್ತದೆ.

ಮುಂಬಯಿ ಪ್ರಾಂತ್ಯದಲ್ಲಿ ಹಕ್ಕು ದಾಖಲೆಯ ಕಾಯಿದೆ ಬಂದದ್ದು 1903ರಲ್ಲಿ. ಅಲ್ಲಿಂದ ಮುಂದಿನ ಡೈರಿಗಳಲ್ಲಿ, ಅಂದರೆ ಜಮೀನಿನ ಹಕ್ಕು ಬದಲಾದದ್ದನ್ನು ಬರೆದಿಡುವ ಪುಸ್ತಕಗಳಲ್ಲಿ, ಖಾತೆದಾರ ತೀರಿಕೊಂಡಾಗ ಹೊಲ ಯಾರ ಯಾರ ಹೆಸರಿಗೆ ವಾರಸಾ ಆಯಿತೆಂಬುದನ್ನು ಸಂಬಂಧಸಹಿತ ಬರೆದಿರುತ್ತಾರೆ. ಮುತ್ತಜ್ಜ ಊರು ಬಿಟ್ಟರೂ ಅವರ ಅಣ್ಣತಮ್ಮಂದಿರು ಅಲ್ಲೇ ಉಳಿದಿದ್ದರೆ, ಒಂದೇ ನೋಂದಿನಲ್ಲಿ ಒಂದು ತಲೆಮಾರಿನ ಹೆಸರುಗಳು ಒಟ್ಟಿಗೆ ಸಿಕ್ಕುತ್ತವೆ. ಹೆಸರುಗಳನ್ನು ಓದುವಾಗ ಒಂದು ಎಚ್ಚರ: ಮೈಸೂರಿನ ಕಾಗದದಲ್ಲಿ ‘ಬಿನ್’ ಎಂದು ತಂದೆಯ ಹೆಸರನ್ನಷ್ಟೇ ಬರೆದು ಅಡ್ಡಹೆಸರನ್ನು ಬಿಟ್ಟಿರಬಹುದು, ಧಾರವಾಡದ ಕಡೆಯಲ್ಲಿ ಅಡ್ಡಹೆಸರೇ ಮುಖ್ಯ. ಶತಮಾನ ದಾಟಿದ ಕನ್ನಡ ಶಾಲೆ ಊರಲ್ಲಿದ್ದರೆ ಅದರ ದಾಖಲಾತಿ ಪುಸ್ತಕವನ್ನೂ ಕೇಳಿ ನೋಡಿ.

ಕಚೇರಿಗಳಷ್ಟೇ ಮುಖ್ಯವಾದ ಇನ್ನೊಂದು ಮೂಲ ಹೆಳವರು. ಮನೆತನಗಳ ವಂಶಾವಳಿಯನ್ನು ತಲೆತಲಾಂತರದಿಂದ ಕಾಯ್ದುಕೊಂಡು ಬಂದವರು ಅವರು. ಒಕ್ಕಲು ಮನೆಗೆ ಬಂದಾಗ ಹಿರಿಯರ ಹೆಸರುಗಳನ್ನು ಓದಿ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರನ್ನು ಪುಸ್ತಕಕ್ಕೆ ಸೇರಿಸಿಕೊಂಡು ಹೋಗುತ್ತಾರೆ. ಗುಳೆ ಹೋದ ಕವಲುಗಳ ನೆನಪೂ ಅವರಲ್ಲಿ ಇರುವುದುಂಟು. ಅವರು ಹೇಳಿದ್ದನ್ನು ಡೈರಿಯ ಹೆಸರುಗಳೊಂದಿಗೆ ತಾಳೆ ನೋಡಿ ಸ್ವೀಕರಿಸುವುದು ಒಳ್ಳೆಯದು. ಊರು ತಿಳಿದ ಮೇಲೆ ನಿಮ್ಮ ಅಡ್ಡಹೆಸರಿನ ಮನೆಯವರನ್ನು ಕಂಡು, ತಮ್ಮ ಹೆಳವರು ಯಾವ ಊರಿನವರು, ಮತ್ತೆ ಯಾವಾಗ ಬರುತ್ತಾರೆ ಎಂದು ಕೇಳಿ. ಸಾಧ್ಯವಾದರೆ ಆ ಹೊತ್ತಿಗೆ ತಂದೆಯವರನ್ನೂ ಕರೆದುಕೊಂಡು ಹೋಗಿ. ಮನೆದೇವರು, ಹಳೆಯ ಬೀಗರ ಊರು ಇವನ್ನು ಹೆಳವರು ಕೇಳಿಯೇ ಕೇಳುತ್ತಾರೆ, ಆ ಪ್ರಶ್ನೆಗಳಿಗೆ ನಿಮಗಿಂತ ತಂದೆಯವರೇ ಚೆನ್ನಾಗಿ ಉತ್ತರಿಸಬಲ್ಲರು.