ಅಡಾಪಲೀನ್ ಹಚ್ಚಿ ಆರು ವಾರವಾಯಿತು, ಮೊಡವೆ ಹೆಚ್ಚಾಗಿದೆ: ಮುಂದುವರಿಸಲೇ, ಮಾತ್ರೆಗೆ ಹೋಗಲೇ?

ಅರಳುಮೊಗ್ಗು: ನನಗೆ 24 ವರ್ಷ. ಶೇ 0.1ರ ಅಡಾಪಲೀನ್ ಜೆಲ್ ಅನ್ನು ಪ್ರತಿ ರಾತ್ರಿ ಹಚ್ಚುತ್ತ ಆರು ವಾರಗಳಾದವು. ಗದ್ದದ ಮೇಲೆ ಹೊಸದಾಗಿ ನಾಲ್ಕು ಗಂಟುಗಳು ಎದ್ದಿವೆ. ಮುಟ್ಟಿಗೆ ಮೊದಲಿನ ವಾರದಲ್ಲಿ ನೋವು ಹೆಚ್ಚು. ವೈದ್ಯರು ಐಸೊಟ್ರೆಟಿನಾಯಿನ್ ಮಾತ್ರೆಯ ಮಾತೆತ್ತಿದ್ದಾರೆ. ಈ ಹಂತವನ್ನು ದಾಟಿದವರು ನಿಮ್ಮ ಅನುಭವವನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಬಿಳಿದಿಂಬು: ಆರು ವಾರಕ್ಕೆ ಬಿಟ್ಟವರು ಕೆಟ್ಟರು ಎಂದು ಧೈರ್ಯವಾಗಿ ಹೇಳುತ್ತೇನೆ, ಏಕೆಂದರೆ ಐದನೆಯ ವಾರದಲ್ಲಿ ಟ್ಯೂಬನ್ನು ಕಸದ ಬುಟ್ಟಿಗೆ ಎಸೆದು, ವರ್ಷ ಕಳೆದ ಮೇಲೆ ಮತ್ತೆ ಮೊದಲಿನಿಂದ ಆರಂಭಿಸಿದವಳು ನಾನು. ಎರಡನೆಯ ಸಲ ಮೂರು ರಾತ್ರಿಗೊಮ್ಮೆ, ಮುಖ ಪೂರ್ತಿ ಒಣಗಿದ ಮೇಲೆ, ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟೇ ಹಚ್ಚಿದೆ. ಆದರೂ ಮೂಗಿನ ಅಂಚಿನಲ್ಲಿ ಸಿಪ್ಪೆ ಎದ್ದಿತು, ನಕ್ಕರೆ ಬಾಯಿಯ ಮೂಲೆ ಉರಿಯುತ್ತಿತ್ತು. ಹನ್ನೆರಡು ವಾರಗಳವರೆಗೆ ಕನ್ನಡಿ ನೋಡಿ ಅತ್ತದ್ದೇ ಬಂತು; ಹದಿನಾಲ್ಕನೆಯ ವಾರ ಮುಖ ತೊಳೆಯುವಾಗ ಹಣೆ ಕೈಗೆ ನುಣುಪಾಗಿ ಹತ್ತಿತು. ಬೆಳಿಗ್ಗೆ ಹಚ್ಚುತ್ತಿದ್ದ ಶೇ 10ರ ಬೆಂಜಾಯಿಲ್ ಪೆರಾಕ್ಸೈಡ್ ಮೂರು ಟವೆಲ್, ಎರಡು ದಿಂಬಿನ ಚೀಲ ಮತ್ತು ಒಂದು ಕಡುನೀಲಿ ಅಂಗಿಯ ಕೊರಳಪಟ್ಟಿಯ ಬಣ್ಣವನ್ನು ಕಿತ್ತು ತಿಂದಿತು. ಆ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಒಣತುಟಿ: ಇಂತಹ ತಾಳ್ಮೆಯ ಉಪದೇಶ ಕೇಳಿಯೇ ನನ್ನ ಎಡಗೆನ್ನೆಯಲ್ಲಿ ಹನ್ನೊಂದು ಗುಳಿಗಳು ಉಳಿದಿವೆ, ಎಣಿಸಿಯೇ ಬರೆಯುತ್ತಿದ್ದೇನೆ. ಎರಡು ವರ್ಷ ಜೆಲ್, ನಡುವೆ ಮೂರು ತಿಂಗಳು ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಮಾತ್ರೆ. ಒಂದು ರಾತ್ರಿ ಅದನ್ನು ಒಂದೇ ಗುಟುಕು ನೀರಿನಲ್ಲಿ ನುಂಗಿ ಕೂಡಲೇ ಮಲಗಿದ್ದರಿಂದ ಅನ್ನನಾಳಕ್ಕೆ ಬರೆ ಎಳೆದಂತಾಗಿ, ನಾಲ್ಕು ದಿನ ಉಗುಳು ನುಂಗುವುದೂ ಕಷ್ಟವಾಯಿತು. ಕೊನೆಗೆ ಐಸೊಟ್ರೆಟಿನಾಯಿನ್. ನನ್ನ ತೂಕ 58 ಕಿಲೊ. ಕಿಲೊಗೆ ಒಟ್ಟು 120ರಿಂದ 150 ಮಿಲಿಗ್ರಾಂ ಎಂಬ ಲೆಕ್ಕದಲ್ಲಿ ದಿನಕ್ಕೆ 30 ಮಿಲಿಗ್ರಾಂನಂತೆ ಎಂಟು ತಿಂಗಳು ನುಂಗಿದೆ. ತುಟಿ ಒಡೆಯಿತು, ಮೂಗಿನಿಂದ ರಕ್ತ ಬಂತು, ಯಕೃತ್ತಿನ, ಕೊಬ್ಬಿನ ಪರೀಕ್ಷೆಗೆಂದು ಮತ್ತೆ ಮತ್ತೆ ರಕ್ತ ಕೊಟ್ಟೆ. ಮೂರು ವರ್ಷವಾಯಿತು, ಒಂದು ಗಂಟೂ ಎದ್ದಿಲ್ಲ. ಮೊದಲೇ ಈ ಮಾತ್ರೆ ಬರೆಯದ ವೈದ್ಯರನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ತಿಂಗಳಲೆಕ್ಕ: ಒಣತುಟಿಯವರೇ, ನಿಮ್ಮ ತುಟಿಯ ಕಥೆಗೆ ಇಷ್ಟು ಜಾಗ ಸಿಕ್ಕಿತು, ಹೆಣ್ಣುಮಗಳೊಬ್ಬಳು ಮೊದಲು ತಿಳಿಯಬೇಕಾದ ಸಂಗತಿಗೆ ಒಂದು ಸಾಲೂ ಸಿಗಲಿಲ್ಲವೇ? ಗರ್ಭಿಣಿ ಈ ಮಾತ್ರೆ ನುಂಗಿದರೆ ಶಿಶುವಿಗೆ ತೀವ್ರ ಅಂಗದೋಷಗಳು ಉಂಟಾಗಬಹುದು. ಆರಂಭಕ್ಕೆ ಒಂದು ತಿಂಗಳು ಮೊದಲಿನಿಂದ, ಮುಗಿದು ಒಂದು ತಿಂಗಳಾಗುವವರೆಗೆ ಗರ್ಭ ನಿಲ್ಲದಂತೆ ನೋಡಿಕೊಳ್ಳಲೇಬೇಕು. ನನ್ನ ಮೊಡವೆಗಳೂ ದವಡೆಯ ಗೆರೆಯುದ್ದಕ್ಕೂ ಏಳುತ್ತಿದ್ದವು. ಆರು ವರ್ಷಗಳಲ್ಲಿ ನಾಲ್ವರು ವೈದ್ಯರು ಮುಖವನ್ನಷ್ಟೇ ನೋಡಿದರು. ಐದನೆಯವರು ಮುಟ್ಟು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಕೇಳಿದರು. ಪಿಸಿಓಎಸ್, ಅಂದರೆ ಮುಟ್ಟು ಏರುಪೇರಾಗುವ ಹಾರ್ಮೋನಿನ ತೊಂದರೆ, ಇತ್ತು. ಹಾರ್ಮೋನಿನ ಮಾತ್ರೆ ಆರಂಭಿಸಿ ನಾಲ್ಕು ತಿಂಗಳಿಗೆ ಗಂಟುಗಳು ಇಳಿದವು. ಆ ಒಂದು ಪ್ರಶ್ನೆಗಾಗಿ ನಾನು ಆರು ವರ್ಷ ತೆತ್ತೆ.

ಒಣತುಟಿ: ಅದನ್ನು ಪ್ರತಿ ವೈದ್ಯರೂ ಹೇಳುತ್ತಾರೆ, ಪೊಟ್ಟಣದ ಮೇಲೂ ಇರುತ್ತದೆ. ನಾನು ಅನುಭವ ಬರೆದೆ, ಪಠ್ಯಪುಸ್ತಕವನ್ನಲ್ಲ.

ತಿಂಗಳಲೆಕ್ಕ: ನಿಮ್ಮ ಅನುಭವದಲ್ಲಿ ಗರ್ಭಕೋಶವಿಲ್ಲ, ಅಷ್ಟೇ.

ಕೆಂಪುಕೆನ್ನೆ: ನೀವಿಬ್ಬರೂ ವೈದ್ಯರ ಬಳಿಗಾದರೂ ಹೋದಿರಿ. ನಾನು ಸಂಬಂಧಿಯೊಬ್ಬರು ಕೊಟ್ಟ ಮುಲಾಮನ್ನು ಏಳು ತಿಂಗಳು ಹಚ್ಚಿದೆ. ಮೊದಲ ವಾರದಲ್ಲೇ ಮುಖ ತಿಳಿಯಾಯಿತೆಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ, ಅದರಲ್ಲಿದ್ದುದು ಸ್ಟಿರಾಯ್ಡ್. ಚರ್ಮ ತೆಳುವಾಗಿ ಕೆನ್ನೆಯಲ್ಲಿ ನೂಲಿನಂತಹ ಕೆಂಪು ನಾಳಗಳು ಕಾಣತೊಡಗಿದವು, ಬಿಟ್ಟರೆ ಒಂದೇ ಅಳತೆಯ ಗುಳ್ಳೆಗಳು ಸಾಲುಗಟ್ಟಿ ಏಳುತ್ತಿದ್ದವು, ಹಚ್ಚಿದರೆ ಇಳಿಯುತ್ತಿದ್ದವು. ಅದರಿಂದ ಹೊರಬರಲು ಹತ್ತು ತಿಂಗಳು ಹಿಡಿಯಿತು. ಕೊಟ್ಟವರು ಇಂದಿಗೂ ನನ್ನ ಸಾಬೂನಿನ ಮೇಲೆ ತಪ್ಪು ಹೊರಿಸುತ್ತಾರೆ. ಬಿಳಿದಿಂಬು ಅವರೇ, ಶೇ 10ರ ಬೆಂಜಾಯಿಲ್ ಪೆರಾಕ್ಸೈಡ್ ಏಕೆ ಹಚ್ಚಿದಿರಿ? ಶೇ 2.5ರದ್ದೂ ಹೆಚ್ಚುಕಡಿಮೆ ಅಷ್ಟೇ ಕೆಲಸ ಮಾಡುತ್ತದೆ, ಉರಿ ಕಡಿಮೆ. ನಿಮ್ಮ ಸಿಪ್ಪೆಯಲ್ಲಿ ಅರ್ಧ ಅದರದ್ದೇ ಇರಬೇಕು.

ಬಿಳಿದಿಂಬು: ಹೆಸರು ಗೊತ್ತಿಲ್ಲದ ಮುಲಾಮನ್ನು ಏಳು ತಿಂಗಳು ಹಚ್ಚಿದವರಿಂದ ನಾನು ಶೇಕಡಾ ಲೆಕ್ಕ ಕಲಿಯಬೇಕಾಗಿಲ್ಲ.

ಕೆಂಪುಕೆನ್ನೆ: ಶೇ 2.5ರದ್ದಕ್ಕೂ ಟವೆಲ್ ಬಣ್ಣ ಬಿಡುತ್ತದೆ, ಸಮಾಧಾನ ಮಾಡಿಕೊಳ್ಳಿ.

ಅರಳುಮೊಗ್ಗು: ಮುಟ್ಟಿನ ವಿಷಯವನ್ನು ನನ್ನ ವೈದ್ಯರು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಗುರುವಾರ ದಿನಾಂಕಗಳನ್ನು ಬರೆದುಕೊಂಡು ಹೋಗುತ್ತೇನೆ. ಅಲ್ಲಿಯವರೆಗೆ ಜೆಲ್ ಮೂರು ರಾತ್ರಿಗೊಮ್ಮೆ.

ಒಣತುಟಿ: ಗುಳಿ ಬಿದ್ದ ಮೇಲೆ ಯಾವ ದಿನಾಂಕವೂ ಉಪಯೋಗಕ್ಕೆ ಬರುವುದಿಲ್ಲ.