ಸಹಾಯ ಬೇಕು: ವಾಷರ್ ಬದಲಿಸಿದರೂ ನಳ್ಳಿ ತೊಟ್ಟಿಕ್ಕುವುದು ನಿಲ್ಲುತ್ತಿಲ್ಲ

ಗೊತ್ತಿದ್ದವರು ಸ್ವಲ್ಪ ಹೇಳಿ ಮಾರಾಯ್ರೆ. ಬದಿಯಡ್ಕ ಹತ್ತಿರದ ಬಾಡಿಗೆ ಮನೆ, ಬಚ್ಚಲಲ್ಲಿ ಅರ್ಧ ಇಂಚಿನ ಹಳೇ ಹಿತ್ತಾಳೆ ನಳ್ಳಿ. ತಿರುಗಿಸಿ ಮುಚ್ಚುವಂಥದ್ದು. ಬೆಳಗಾಗುವಾಗ ಕೆಳಗಿಟ್ಟ ಬಾಲ್ದಿ ಅರ್ಧ ತುಂಬಿರುತ್ತದೆ.

ಟ್ಯಾಂಕಿನ ಗೇಟ್ ವಾಲ್ವ್ ಮುಚ್ಚಿ, ಪೈಪಿನಲ್ಲಿ ಉಳಿದ ನೀರು ಬಿಟ್ಟು, ಪಾನಾದಿಂದ ಮೇಲಿನ ನಟ್ಟು ಬಿಚ್ಚಿ ಸ್ಪಿಂಡಲ್ (ಹಿಡಿಕೆಯೊಟ್ಟಿಗೆ ತಿರುಗುವ ಒಳಗಿನ ಕಡ್ಡಿ) ಹೊರಗೆ ತೆಗೆದಾಯಿತು. ಹಳೇ ವಾಷರಿನ ಮೇಲೆ ಉಂಗುರದ ಹಾಗೆ ಆಳ ಗುರುತು ಇತ್ತು, ಅದೇ ಅಳತೆಯ ಹೊಸ ರಬ್ಬರ್ ವಾಷರ್ ಹಾಕಿದ್ದೇನೆ. ಎರಡು ದಿನ ಸರಿ ಇತ್ತು. ಮೂರನೇ ದಿನ ಮತ್ತೆ ತೊಟ್ಟು ತೊಟ್ಟು. ಬಲವಾಗಿ ತಿರುಗಿಸಿದರೆ ನಿಲ್ಲುತ್ತದೆ, ಆದರೆ ಹಾಗೆ ಮಾಡಿದರೆ ವಾಷರ್ ಬೇಗ ಕತ್ತರಿಸಿ ಹೋಗುತ್ತದೆ.

ನೀರು ಬರುವುದು ಬಾಯಿಯಿಂದಲೇ. ಹಿಡಿಕೆಯ ಬುಡದಲ್ಲಿ ಒಣಗಿಯೇ ಇದೆ, ಹಾಗಾಗಿ ಗ್ಲ್ಯಾಂಡಿನ (ಸ್ಪಿಂಡಲ್ ಸುತ್ತ ನೀರು ಸೋರದಂತೆ ತಡೆಯುವ ಭಾಗ) ದೋಷ ಅಲ್ಲ. ಒಳಗೆ ವಾಷರ್ ಕೂರುವ ಹಿತ್ತಾಳೆ ಅಂಚಿಗೆ ಬೆರಳು ಹಾಕಿ ನೋಡಿದರೆ ಒಂದು ಕಡೆ ಉಗುರು ಸಿಕ್ಕುವಷ್ಟು ಕಚ್ಚು ಇದೆ. ನನ್ನ ಲೆಕ್ಕದಲ್ಲಿ ಅದೇ ಕಾರಣ.

ಗೊಂದಲ ಇಲ್ಲಿ. ಆ ಅಂಚನ್ನು ಸೀಟ್ ಕಟ್ಟರ್ (ಅಂಚನ್ನು ಹೆರೆಯುವ ಉಪಕರಣ) ಹಾಕಿ ಸಮ ಮಾಡಬಹುದಂತೆ, ಆದರೆ ಇಷ್ಟು ಆಳದ ಕಚ್ಚು ಹೋಗುತ್ತದಾ? ಹೊಸ ನಳ್ಳಿ ಹಾಕುವುದಾದರೆ ಗೋಡೆಯೊಳಗಿನ ಎಲ್ಬೋ (ಪೈಪು ತಿರುಗುವಲ್ಲಿನ ಜೋಡಣೆ) ಹಳೇ ಜಿಐಯದ್ದು, ಅಂದರೆ ಸತು ಲೇಪಿಸಿದ ಕಬ್ಬಿಣದ್ದು. ತಿರುಗಿಸುವಾಗ ಅದೇ ಮುರಿದರೆ ಗೋಡೆ ಒಡೆಯಬೇಕು, ಮನೆ ಮಾಲಕರು ಸುಮ್ಮನಿರಲಿಕ್ಕಿಲ್ಲ.

ಕಟ್ಟರ್ ಹಿಡಿಸಲೋ, ನಳ್ಳಿಯನ್ನೇ ಬದಲಿಸಲೋ? ಬದಲಿಸುವುದಾದರೆ ಎಲ್ಬೋಗೆ ಪೆಟ್ಟಾಗದಂತೆ ಹಳೆಯದನ್ನು ಬಿಚ್ಚುವುದು ಹೇಗೆ?