ಸಣ್ಣ ಕ್ಯಾಮೆರಾದಾಗ ಗೋಲಗುಮ್ಮಟನೂ ಬರ್ಬೇಕು, ಮನ್ಯಾವ್ರ ಮುಖಾನೂ ಕಾಣ್ಬೇಕು, ಹೆಂಗ್ರಿ?

ಘಟಪ್ರಭಾ_ದಂಡಿ (ಬಾಗಲಕೋಟೆ):

ನಮಸ್ಕಾರ್ರಿ. ಡಿಸೆಂಬರ್ ಸೂಟಿಯಾಗ ಅವ್ವ, ಅಪ್ಪ, ಹುಡುಗ್ರು ಎಲ್ಲಾರೂ ಕೂಡಿ ಪಟ್ಟದಕಲ್ಲು, ಬಾದಾಮಿ, ಆಮ್ಯಾಲ ವಿಜಯಪುರ ಅಂತ ಹೊಂಟೀವಿ. ಮೊಬೈಲ್ ಬಿಟ್ಟು ಕಪಾಟಿನಾಗಿನ ಹಳೇ ಪಾಕೆಟ್ ಕ್ಯಾಮೆರಾ ಒಯ್ಬೇಕಂತ ಮನಸೈತಿ. 12 ಮೆಗಾಪಿಕ್ಸಲ್, 1/2.3 ಇಂಚಿನ ಸೆನ್ಸರ್ (ಬೆಳಕು ಹಿಡಿಯೂ ಚಿಪ್ಪು), 28 ಎಂಎಂನಿಂದ (ಎಲ್ಲಾಕ್ಕಿಂತ ಅಗಲ ನೋಟ) ಝೂಮ್. ಮ್ಯಾನುಯಲ್ ಮೋಡ್ ಇಲ್ಲ.

ತೊಂದರಿ ಏನಂದ್ರ: ಬಿಸಿಲಾಗ ಗುಡಿ ಚಲೋ ಬರ್ತೈತಿ, ಮುಖ ಕಪ್ಪಾಗ್ತಾವು. ತಾರೀಖು ತಾನ ಹಿಂದಕ್ಕ ಹೋಗಿರ್ತೈತಿ. 4×6 ಪ್ರಿಂಟ್ ಹಾಕಿಸಿದ್ರ ತಲಿ ಕಟ್ಟಾಗಿ ಬರ್ತಾವು. ಸೆಕೆಂಡ್ ಹ್ಯಾಂಡ್ ಸೋನಿ ಆರ್‌ಎಕ್ಸ್100 ತಗೊಂಡ್ರ ಇವೆಲ್ಲಾ ಹೋಗ್ತಾವೇನು?

ಮೂಲಿ_ಅಂಗಡಿ (ವಿಜಯಪುರ):

ಮುಖ ಕಪ್ಪಾಗೂದಕ್ಕ ಹೊಸ ಕ್ಯಾಮೆರಾ ಬ್ಯಾಡ್ರಿ, ಫ್ಲ್ಯಾಶ್ ಸಾಕು. ಹೌದು, ಹಗಲೊತ್ತಿನ್ಯಾಗ. ಫ್ಲ್ಯಾಶ್ 'ಆಟೋ' ಇದ್ರ ಬಿಸಿಲಾಗ ಹತ್ತೂದಿಲ್ಲ. ಮಿಂಚಿನ ಗುರ್ತಷ್ಟ ಇರೂ 'ಆನ್' ಇಡ್ರಿ. ಮಂದೀನ್ನ ಬಿಸಿಲಾಗ ನಿಲ್ಲಿಸಿದ್ರ ಕಣ್ಣು ಕಿರಿದು ಮಾಡ್ತಾರ. ತೋಟದಾಗಿನ ಗಿಡದ ನೆರಳಿನ್ಯಾಗ ನಿಲ್ಲಿಸ್ರಿ, ಹಿಂದ ಗುಮ್ಮಟ ಬಿಸಿಲಾಗಿರ್ಲಿ, ನೀವು ಅವ್ರಿಂದ ಒಂದೂವರಿ-ಎರಡು ಮೀಟರ್‌ನಾಗ ನಿಲ್ರಿ. ಅದಕ್ಕಿಂತ ಹಿಂದ ಸರದ್ರ ಸಣ್ಣ ಫ್ಲ್ಯಾಶ್ ಬಿಸಿಲಿಗೆ ಸಾಟಿ ಆಗೂದಿಲ್ಲ, ದೂರ ದುಪ್ಪಟ್ಟಾದ್ರ ಬೆಳಕು ಕಾಲು ಪಾಲಿಗೆ ಇಳೀತದ. ಆಕಾಶ ಬೆಳ್ಳಗಾದ್ರ ಎಕ್ಸ್‌ಪೋಶರ್ −2/3 ಮಾಡ್ರಿ, ಫೋಟೊ ತುಸು ಕಪ್ಪಾಗ್ತದ. ಅಪ್ಪಾರ ಚಾಳೀಸಿನ್ಯಾಗ ಫ್ಲ್ಯಾಶ್ ಹೊಳದ್ರ ಗದ್ದ ತುಸು ತಗ್ಗಿಸಾಕ ಹೇಳ್ರಿ.

ಇದ್ರಾಗ ಸಣ್ಣ ಕ್ಯಾಮೆರಾನ ದೊಡ್ಡವಕ್ಕಿಂತ ಮುಂದ. ಇದ್ರ ಶಟರ್ (ಬೆಳಕು ಒಳಗ ಬಿಡೂ ಬಾಗಿಲು) ಲೆನ್ಸಿನೊಳಗ ಇರ್ತದ, ಹಂಗಾಗಿ 1/1000 ಸೆಕೆಂಡಿನ್ಯಾಗೂ ಫ್ಲ್ಯಾಶ್ ಪೂರಾ ಚೌಕಟ್ಟಿಗೆ ಬೀಳ್ತದ. ಲೆನ್ಸ್ ಬದಲಿಸೂ ಕ್ಯಾಮೆರಾದಾಗ ಪರದಿ ಶಟರ್, ಸಾಮಾನ್ಯ ಫ್ಲ್ಯಾಶ್ 1/200 ಆಸುಪಾಸಿಗೆ ನಿಲ್ತದ. ನಾಳೆ ಆರ್‌ಎಕ್ಸ್100 ತಗೊಂಡ್ರಿ ಅಂದ್ರ ಮ್ಯಾನುಯಲ್‌ನಾಗ ಅಪರ್ಚರ್ (ಲೆನ್ಸಿನ ಕಿಂಡಿ, ಎಫ್ ಅಂಕಿ ದೊಡ್ಡದಾದಷ್ಟು ಕಿಂಡಿ ಸಣ್ಣದು) ಎಫ್/4, ಶಟರ್ 1/1600, ಐಎಸ್‌ಒ (ಬೆಳಕಿಗೆ ಸೂಕ್ಷ್ಮತೆ) 125 ಇಟ್ಟು ಶುರು ಮಾಡ್ರಿ. ಎಫ್/8 ಬ್ಯಾಡ. ಅಪರ್ಚರ್ ಸಣ್ಣದಾದ್ರ ಬಿಸಿಲಿನ ಕೂಡ ಫ್ಲ್ಯಾಶೂ ಸೊರಗ್ತದ, ಶಟರ್ ಚುರುಕಾದ್ರ ಹೆಚ್ಚಾಗಿ ಬಿಸಿಲಷ್ಟ ಕಡಿಮಿ ಆಗ್ತದ.

ಇನ್ನ ಗುಮ್ಮಟ. ನೆಲದಿಂದ ಸುಮಾರು 50 ಮೀಟರ್ ಎತ್ತರ. ಬುಡಕ್ಕ ನಿಂತು ಕ್ಯಾಮೆರಾ ಮ್ಯಾಲ ಎತ್ತಿದ್ರ ನಾಕೂ ಮೂಲಿ ಮಿನಾರ ಒಳಗ ವಾಲ್ತಾವ. ನೆಟ್ಟಗ ಹಿಡದು ತುದಿ ತನಕ ಬರ್ಬೇಕಂದ್ರ 28 ಎಂಎಂನಾಗ ಕ್ಯಾಮೆರಾ ಉದ್ದಕ ತಿರುಗಿಸಿ ಸುಮಾರು 80 ಮೀಟರ್ ಹಿಂದ ಬೇಕು, ಅಡ್ಡ ಹಿಡದ್ರ 100 ದಾಟ್ತದ. ಗುಮ್ಮಟದ ಮುಂದಿನ ನಗಾರಖಾನೆ ಕಡೆ ಸರೀರಿ. ಮನಿ ಮಂದಿ ಮಾತ್ರ ನಿಮ್ಮ ಹತ್ರಾನ ಇರ್ಲಿ, ಸೊಂಟದಿಂದ ಮ್ಯಾಲ. ಗುಮ್ಮಟದ ಬುಡಕ್ಕ ಕಳಿಸಿದ್ರ ಇರುವಿ ಸಾಲು ಬರ್ತದ. ಐದು ಮಂದಿ ಒಂದ ಸಾಲಿನ್ಯಾಗ ನಿಂತ್ರ 28 ಎಂಎಂನಾಗ ಅಂಚಿನವ್ರ ಮುಖ ಜಗ್ಗಿದಂಗ ಕಾಣ್ತಾವ. ದೊಡ್ಡವ್ರು ಹಿಂದ ಒತ್ತೊತ್ತಾಗಿ, ಹುಡುಗ್ರು ಮುಂದ. ಗುಮ್ಮಟದ ಈ ಮುಖ ದಕ್ಷಿಣಕ್ಕದ, ಡಿಸೆಂಬರ್‌ನಾಗ ಸೂರ್ಯನೂ ಆ ಕಡೀಗೆ, ನಡು ಮಧ್ಯಾಹ್ನಕ್ಕೂ 50 ಡಿಗ್ರಿ ಆಸುಪಾಸು. ಹಂಗಾಗಿ ಹೊತ್ತಿನ ಚಿಂತಿ ಇಲ್ಲ.

ಸಿತಾರಾಮಣಿ (ಬೆಳಗಾವಿ):

ಮೇಲಿನ ಮಾತಿಗೆ ಒಂದು ತಕರಾರು. ಬಯಲಿನಲ್ಲಿ ಹಳೇ ಕ್ಯಾಮೆರಾ ಸಾಕು, ಬಾದಾಮಿ ಗುಹೆಯೊಳಗೆ ಸಾಲದು. 1/2.3 ಇಂಚಿನ ಸೆನ್ಸರ್ ಸುಮಾರು 28 ಚದರ ಮಿಲಿಮೀಟರ್, ಆರ್‌ಎಕ್ಸ್100ರ 1 ಇಂಚಿನದು 116. ನಾಲ್ಕು ಪಟ್ಟು ಬೆಳಕು, ಅಂದರೆ ಎರಡು ಸ್ಟಾಪ್ (ಒಂದೊಂದು ಸ್ಟಾಪ್‌ಗೆ ಬೆಳಕು ದುಪ್ಪಟ್ಟು). ಹಳೆಯದರಲ್ಲಿ ಐಎಸ್‌ಒ 400 ಎಷ್ಟು ಕಾಳುಕಾಳಾಗಿ ಕಾಣುತ್ತದೋ ಇದರಲ್ಲಿ 1600 ಸುಮಾರು ಅಷ್ಟೇ. ಕೊಳ್ಳುವುದಾದರೆ ಆ ಕಾರಣಕ್ಕೆ ಕೊಳ್ಳಿ.

ಗುಹೆಯಲ್ಲಿ ಫ್ಲ್ಯಾಶ್ ಆಫ್ ಮಾಡಿ. ಎದುರಿನಿಂದ ಬೆಳಕು ಬಿದ್ದರೆ ಕೆತ್ತನೆಯ ನೆರಳು ಅಳಿಸಿಹೋಗಿ ಶಿಲ್ಪ ಚಪ್ಪಟೆ ಆಗುತ್ತದೆ. ಕ್ರಿ.ಶ. 578ರ ಶಾಸನವಿರುವ ಮೂರನೇ ಗುಹೆಯಲ್ಲಿ ಹೊರಗಿನಿಂದ ಅಡ್ಡಕ್ಕೆ ಬರುವ ಬೆಳಕೇ ಶಿಲ್ಪದ ಉಬ್ಬು-ತಗ್ಗು ತೋರಿಸುತ್ತದೆ. ಝೂಮ್ ಮಾಡಬೇಡಿ, ಮಾಡಿದರೆ ಅಪರ್ಚರ್ ಕಿರಿದಾಗುತ್ತದೆ (ಮೊದಲ ಆರ್‌ಎಕ್ಸ್100ರಲ್ಲಿ ಎಫ್/1.8 ಇದ್ದದ್ದು ಎಫ್/4.9). ಮೊಣಕೈ ಪಕ್ಕೆಗೆ ಒತ್ತಿ, 2 ಸೆಕೆಂಡ್ ಟೈಮರ್ ಹಾಕಿ. 1/15ರಲ್ಲೂ ಅಲುಗದೆ ಬರುತ್ತದೆ. ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ಹೊತ್ತೊಯ್ಯಬೇಡಿ. ವೈಟ್ ಬ್ಯಾಲೆನ್ಸ್ (ಬಣ್ಣ ಸರಿದೂಗಿಸುವ ಸೆಟ್ಟಿಂಗ್) ಆಟೋದಲ್ಲಿದ್ದರೆ ಕೆಂಪು ಕಲ್ಲಿನ ಕೆಂಪನ್ನೇ ತೊಳೆದುಬಿಡುತ್ತದೆ, 'ಡೇಲೈಟ್' ಇಡಿ. ಪಟ್ಟದಕಲ್ಲಿನ ವಿರೂಪಾಕ್ಷ ಪೂರ್ವಕ್ಕೆ ಮುಖ ಮಾಡಿದೆ, ಬೆಳಿಗ್ಗೆ ಅಲ್ಲಿಗೆ. ಬಾದಾಮಿಯ ಭೂತನಾಥ ಗುಡಿ ಕೆರೆಯ ಪೂರ್ವ ದಂಡೆಯ ಮೇಲಿದೆ, ಸಂಜೆ ಅಲ್ಲಿಗೆ. ಗುಹೆಗಳ ಹತ್ತಿರ ಮಂಗಗಳಿವೆ, ಕ್ಯಾಮೆರಾ ಪಟ್ಟಿ ಮುಂಗೈಗೆ ಸುತ್ತಿಕೊಂಡೇ ಇರಿ, ತಿಂಡಿ ಚೀಲ ಬೇರೆ ಇರಲಿ.

ಹಳೇ ಆರ್‌ಎಕ್ಸ್100 ನೋಡುವಾಗ: ಹತ್ತು ಸಲ ಆನ್-ಆಫ್ ಮಾಡಿ, ಲೆನ್ಸ್ ಹೊರಬರುವಾಗ ಕರಕರ ಸದ್ದು ಬಂದರೆ ಬಿಟ್ಟುಬಿಡಿ. ಬಿಳಿ ಗೋಡೆಯನ್ನು ಎಫ್/11ರಲ್ಲಿ ತೆಗೆದು ದೊಡ್ಡದು ಮಾಡಿ ನೋಡಿ. ಮಸುಕಾದ ಬೂದು ಚುಕ್ಕೆ ಕಂಡರೆ ಸೆನ್ಸರ್ ಮೇಲೆ ಧೂಳು. ಲೆನ್ಸ್ ಕಳಚುವಂಥದ್ದಲ್ಲ, ಪೂರ್ತಿ ಬಿಚ್ಚದೆ ಒರೆಸಲಾಗದು. ಝೂಮ್ ಆದಾಗಲೆಲ್ಲ ಲೆನ್ಸು ಗಾಳಿ ಎಳೆದುಕೊಳ್ಳುತ್ತದೆ, ಗಾಳಿಯ ಜತೆ ನಮ್ಮ ಕಡೆಯ ಧೂಳನ್ನೂ. ಬ್ಯಾಟರಿ ಮೇಜಿನ ಮೇಲೆ ಇಟ್ಟಾಗ ತೊಟ್ಟಿಲಾಡಿದರೆ ಉಬ್ಬಿದೆ ಎಂದರ್ಥ, ಬೇರೆ ಹಾಕಿ.

ಘಟಪ್ರಭಾ_ದಂಡಿ:

ಭಾಳ ಉಪಕಾರ್ರಿ. ಸದ್ಯಕ್ಕ ಹಳೇದನ್ನ ಒಯ್ತೀನಿ. ತಾರೀಖು ಮತ್ತ ಪ್ರಿಂಟ್ ವಿಷಯ? ಅವ್ವನ ಮದುವಿ ಆಲ್ಬಮ್ಮೂ ಐತಿ, ಅಂಟಿನ ಹಾಳಿ ಮ್ಯಾಲ ಪ್ಲಾಸ್ಟಿಕ್ ಹೊದಿಕಿ ಇರ್ತೈತಲ್ಲ, ಅಂಥಾದ್ದು. ಫೋಟೊ ಕಿತ್ತಾಕ ಬರವಲ್ಲವು.

ಡಬ್ಬಾ_ರೋಲು (ಜಮಖಂಡಿ):

ತಾರೀಖು: ಕ್ಯಾಮೆರಾದೊಳಗಿನ ಗಡಿಯಾರಕ್ಕ ಬ್ಯಾರೆ ಸಣ್ಣ ಸೆಲ್ ಇರ್ತೈತಿ. ಭಾಳ ಮಾದರಿಯೊಳಗ ಅದು ದೊಡ್ಡ ಬ್ಯಾಟರಿಯಿಂದನ ಚಾರ್ಜ್ ಆಗ್ತೈತಿ. ಬ್ಯಾಟರಿ ತಗದು ತಿಂಗಳುಗಟ್ಲೆ ಇಟ್ರ ಖಾಲಿ. ತುಂಬಿದ ಬ್ಯಾಟರಿ ಹಾಕಿ ಒಂದು ದಿನ ಹಂಗ ಬಿಡ್ರಿ, ಆಮ್ಯಾಲ ತಾರೀಖು ಹಾಕ್ರಿ. ದಿನದ ಮೊದಲ ಫೋಟೊ ಮೊಬೈಲಿನ ಗಡಿಯಾರದ್ದಿರ್ಲಿ. ತಪ್ಪಿದ್ರೂ ವ್ಯತ್ಯಾಸ ಲೆಕ್ಕ ಹಾಕಿ ಎಕ್ಸಿಫ್‌ಟೂಲ್ ಅನ್ನೂ ಕಂಪ್ಯೂಟರ್ ತಂತ್ರಾಂಶದಾಗ ಎಲ್ಲಾ ಫೋಟೊದ ವೇಳೆ ಒಮ್ಮೆಲೆ ಸರಸಬಹುದು. ತಾರೀಖನ್ನ ಫೋಟೊ ಮ್ಯಾಲ ಅಚ್ಚು ಹಾಕೂ ಸೆಟ್ಟಿಂಗ್ ಮಾತ್ರ ಬಂದ್ ಇಡ್ರಿ, ಅದು ಅಳಿಸಾಕ ಬರೂದಿಲ್ಲ.

ತಲಿ ಕಟ್ ಆಗೂದು ಸ್ಟುಡಿಯೋದವ್ರ ತಪ್ಪಲ್ಲ. ಅಗಲ-ಎತ್ತರದ ಅನುಪಾತ ನಿಮ್ಮ ಕ್ಯಾಮೆರಾದ್ದು 4:3, ಕಾಗದದ್ದು 3:2. ಅಗಲ ಪೂರಾ ತುಂಬಿಸಿದ್ರ ಎತ್ತರದಾಗ ಒಂಬತ್ತನೇ ಒಂದು ಪಾಲು ಹೋಗ್ತೈತಿ. ಮೆನುದಾಗ 3:2 ಇದ್ರ ಈಗಿಂದನ ಅದನ್ನ ಹಾಕ್ರಿ. ಇಲ್ಲಾಂದ್ರ ತಲಿ ಮ್ಯಾಲ ತುಸು ಜಾಗ ಬಿಟ್ಟು ತಗೀರಿ. ಹಳೇ ಫೋಟೊಕ್ಕ 'ಕ್ರಾಪ್ ಬ್ಯಾಡ, ಬಿಳಿ ಅಂಚು ಬಿಟ್ಟು ಹಾಕ್ರಿ' ಅಂತ ಹೇಳ್ರಿ. 300 ಡಿಪಿಐನಾಗ (ಇಂಚಿಗೆ 300 ಚುಕ್ಕಿ) 4×6ಕ್ಕ 1200×1800 ಪಿಕ್ಸಲ್ ಸಾಕು, ನಿಮ್ಮ 12 ಮೆಗಾಪಿಕ್ಸಲ್‌ನಾಗ 8×12ನೂ ಚಲೋ ಬರ್ತೈತಿ. ವಾಟ್ಸಾಪ್‌ನಾಗ ಫೋಟೊ ಅಂತ ಕಳಿಸಬ್ಯಾಡ್ರಿ, ಕುಗ್ಗಿಸ್ತೈತಿ. ಡಾಕ್ಯುಮೆಂಟ್ ಅಂತ ಕಳಿಸ್ರಿ ಇಲ್ಲಾ ಪೆನ್‌ಡ್ರೈವ್ ಒಯ್ರಿ.

ಆಲ್ಬಮ್ಮು: ಕೀಳೂಕ್ಕಿಂತ ಮೊದಲ ಪ್ಲಾಸ್ಟಿಕ್ ಎತ್ತಿ ಪ್ರತಿ ಹಾಳಿನೂ ಹಂಗ ಫೋಟೊ ತಗದಿಟ್ಕೋರಿ, ಯಾವುದು ಯಾರ ಪಕ್ಕ ಇತ್ತು ಅನ್ನೂದು ಉಳೀತೈತಿ. ಆಮ್ಯಾಲ ಹಲ್ಲಿನ ಸಂದಿ ತಿಕ್ಕೂ ದಾರ (ಡೆಂಟಲ್ ಫ್ಲಾಸ್, ಮೆಡಿಕಲ್ ಅಂಗಡ್ಯಾಗ ಸಿಗ್ತೈತಿ) ಫೋಟೊದ ಒಂದು ಮೂಲಿ ಕೆಳಗ ತೂರಿಸಿ, ಗರಗಸದಂಗ ಹಿಂದ-ಮುಂದ ಎಳೀತಾ ನಿಧಾನ ಹೋಗ್ರಿ. ಫೋಟೊ ಬಾಗಸಬಾರ್ದು, ಬಾಗಿದ್ರ ಮ್ಯಾಲಿನ ಪದರ ಬಿರೀತೈತಿ. ನೀರು ಹಚ್ಚಬ್ಯಾಡ್ರಿ. ಬರವಲ್ದು ಅಂದ್ರ ಬಿಟ್ಟು, ಹಾಳಿ ಸಮೇತ 600 ಡಿಪಿಐನಾಗ ಸ್ಕ್ಯಾನ್ ಮಾಡ್ರಿ. ಹಿಂದ ಬಾಲ್‌ಪೆನ್ನಿಂದ ಬರದ್ರ ಒತ್ತು ಮುಂದಿನ ಮುಖಕ್ಕ ಏಳ್ತೈತಿ. ಹೆಸರು ಫೈಲಿಗೆ ಇಡ್ರಿ, ಮೊದಲು ವರ್ಷ, ಆಮ್ಯಾಲ ಊರು, ಆಮ್ಯಾಲ ಎಡಗಡೆಯಿಂದ ಯಾರ್ಯಾರು ಅಂತ. ಅವ್ವಾರನ್ನ ಬಾಜೂಕ ಕುಂದ್ರಿಸ್ಕೊಂಡ ಈ ಕೆಲಸ ಮಾಡ್ರಿ, ಸೋದರತ್ತಿ ಯಾರು, ಚಿಗವ್ವ ಯಾರು ಅಂತ ಹೇಳಾವ್ರು ಅವ್ರ.

ಮೂಲಿ_ಅಂಗಡಿ:

ಒಂದು ಮರತಿದ್ದೆ. ಕಾರ್ಡ್ ಹೊಸಾದು ತರೂಕ್ಕಿಂತ ಮೊದಲ ಕ್ಯಾಮೆರಾದ ಸ್ಲಾಟ್ ನೋಡ್ರಿ. ಎಸ್‌ಡಿಎಚ್‌ಸಿ ಅಂತ ಇದ್ರ 32 ಜಿಬಿ ತನಕ ನಡೀತದ, ಬರೇ ಎಸ್‌ಡಿ ಅಂದ್ರ 2 ಜಿಬಿ ತನಕಷ್ಟ ಭರವಸಿ. 64 ಜಿಬಿ ಹಾಕಿದ್ರ 'ಕಾರ್ಡ್ ಎರರ್' ಬರ್ತದ, ಕ್ಯಾಮೆರಾ ಕೆಟ್ಟದಂತ ತಿಳಕೊಬ್ಯಾಡ್ರಿ. ಹೊಸ ಕಾರ್ಡು ಕ್ಯಾಮೆರಾದಾಗನ ಫಾರ್ಮ್ಯಾಟ್ ಮಾಡ್ರಿ. ಮತ್ತ ಒಂದ 32ರ ಬದ್ಲಿ ಎರಡು 16 ಒಯ್ರಿ, ಬಾದಾಮಿದು ಒಂದು, ವಿಜಯಪುರದ್ದು ಇನ್ನೊಂದು.